ಅಗ್ನಿಶಾಮಕ ಠಾಣೆಯಲ್ಲಿ ಬೆಂದ ಕಾಳು

ಹಾಸಿಗೆ ಅಂಗಡಿಯ ಅಳಿಯನಿಗೂ ಅವನ ಅತ್ತೆಗೂ ಇದ್ದ ದೋಸ್ತಿ ಬೀದಿಗೆಲ್ಲ ಗೊತ್ತಿತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ರಜಾಯಿ ಹೊಲಿಯುವವರು. ಹತ್ತಿ ತುಂಬುವಾಗ ಒಂದು ನಗೆಮಾತು, ಸೂಜಿಗೆ ದಾರ ಪೋಣಿಸುವಾಗ ಇನ್ನೊಂದು. ಅಂಗಡಿಗೆ ಹೊಸಬರು ಬಂದರೆ ಅತ್ತೆ ಅವನ ಕಡೆ ಬೆರಳು ತೋರಿಸಿ, "ಇವ್ರು ನನ್ನ ಅಳಿಯ ಅಲ್ಲ, ಮಗಳ ಗಂಡ" ಅನ್ನುತ್ತಿದ್ದಳು. ಬಂದವರು ನಗಲಿ ಬಿಡಲಿ, ಇವರಿಬ್ಬರೂ ಮೊದಲ ಸಲ ಕೇಳಿದವರ ಹಾಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಮ್ಮಮ್ಮನ ಜೊತೆ ಇಸ್ಪೀಟ್ ಆಡೋಕೇ ನನ್ನನ್ನ ಮದುವೆ ಆಗಿದ್ದು ಅಂತ ಮೊದಲೇ ಹೇಳಬಾರದಿತ್ತಾ" ಎಂದು ಹೆಂಡತಿ ಗೊಣಗುತ್ತಿದ್ದಳು. ಗೊಣಗಿ, ತನ್ನ ಎಲೆಗಳನ್ನೂ ಹಾಕಿಸಿಕೊಂಡು ಕೂರುತ್ತಿದ್ದಳು.

ಅಂಥ ಅತ್ತೆ ಈ ಚಳಿಗಾಲ ಮನೆ ಬಿಟ್ಟು ಹೋಗುವ ಹಾಗಿತ್ತು.

ಕಾರಣ ಅವಳ ಕಾಲು. ಹೋದ ಚಳಿಗಾಲದಲ್ಲಿ ಕಾಲ್ಬೆರಳುಗಳು ಥಂಡಿಗೆ ಕೆಂಪಗೆ ಊದಿಕೊಂಡು, ಪಾಪ, ಹದಿನೈದು ದಿನ ಚಪ್ಪಲಿ ಮೆಟ್ಟಲಾಗಿರಲಿಲ್ಲ. ಅತ್ತೆಯ ದೊಡ್ಡ ಮಗಳು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಊರಿನ ಆ ತುದಿಯಲ್ಲಿದ್ದ ಅವಳ ಮನೆಯಲ್ಲಿ ಗೋಡೆಗೋಡೆಗೂ ಬಿಸಿನೀರಿನ ಪೈಪು. ಅವಳು ಬಂದು ತಾಯಿಯ ಕಾಲು ನೋಡಿ, ರೋಗಿಗಳು ಎದುರು ಮಾತಾಡದಂಥ ದನಿಯಲ್ಲಿ ತೀರ್ಪು ಕೊಟ್ಟಿದ್ದಳು. "ಮುಂದಿನ ಚಳಿಗಾಲದಲ್ಲಿ ಒಂದು ಭಾನುವಾರ ಊಟಕ್ಕೆ ಬರ್ತೀನಿ. ಅಮ್ಮನ ಕಾಲು ಮುಟ್ಟಿ ನೋಡ್ತೀನಿ. ತಣ್ಣಗಿದ್ರೆ ಅವತ್ತೇ ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

ಹೀಟರ್ ಹಾಕಿ ಕೂರಬಹುದಿತ್ತಲ್ಲ ಅನ್ನುತ್ತೀರಿ. ಹಾಕಿ ನೋಡಿದ್ದರು. ಕರೆಂಟ್ ಬಿಲ್ಲು ಬಂದ ದಿನ ಮೂವರಿಗೂ ಹೀಟರ್ ಇಲ್ಲದೆಯೇ ಬೆವರು ಬಂದಿತ್ತು. ಗ್ಯಾಸ್ ಸಿಲಿಂಡರಿನ ಮಾತಂತೂ ಎತ್ತುವುದೇ ಬೇಡ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ" ಎಂದು ಅಳಿಯ ನಿಟ್ಟುಸಿರು ಬಿಟ್ಟರೆ, "ಊರಿಗೆಲ್ಲ ಹಾಸಿಗೆ ಹೊಲಿಯೋರು ನಾವು, ಗಾದೆ ಮಾತ್ರ ನಮ್ಮ ಕಾಲಿಗೇ ಬಂದು ತಗಲಾಕ್ಕೊಳ್ತು ನೋಡಿ" ಎಂದು ಅತ್ತೆ ನಕ್ಕಿದ್ದಳು.

ಈ ವರ್ಷ ಚಳಿ ಕಾಲಿಡುವ ಮೊದಲೇ ಮೂವರಿಗೂ ಉಳಿತಾಯದ ಹುಚ್ಚು ಹಿಡಿಯಿತು. ಅಂಗಡಿಯ ಮೇಲಿನ ಮನೆಯ ಎರಡು ಕೋಣೆಗೆ ಬೀಗ ಹಾಕಿ ಮಂಚಗಳನ್ನೆಲ್ಲ ಅಡುಗೆಮನೆಗೇ ಎಳೆದು ತಂದರು. ಬಾಗಿಲ ಸಂದಿಗೆಲ್ಲ ಹತ್ತಿ ತುಂಬಿದ ಉದ್ದನೆಯ ಚೀಲ, ಕಿಟಕಿಗೆ ತುಂಡು ಬಟ್ಟೆಗಳ ದಪ್ಪ ಪರದೆ. ಕಾಳು ಬೆಳಗಿನ ತನಕ ನೆನೆಯಲೇಬೇಕು. ಕುದಿಯುವ ಪಾತ್ರೆಯ ಮುಚ್ಚಳ ಸುಮ್ಮನೆ ತೆಗೆದು ಇಣುಕಿದವರು ಅವತ್ತಿನ ಪಾತ್ರೆ ತೊಳೆಯಬೇಕು. ಅಳಿಯನಿಗೆ ಇಣುಕುವ ಚಟ, ಹಾಗಾಗಿ ಅವನ ಕೈ ಆ ತಿಂಗಳೆಲ್ಲ ಸೋಪಿನ ವಾಸನೆ ಹೊಡೆಯುತ್ತಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ಉಪಾಯ ಅತ್ತೆಯದು. ಕಾಳನ್ನು ಒಲೆಯ ಮೇಲೆ ಇಪ್ಪತ್ತು ನಿಮಿಷ ಕೊತಕೊತ ಕುದಿಸಿ ಗ್ಯಾಸ್ ಆರಿಸಿಬಿಡುವುದು. ಮುಚ್ಚಳವನ್ನು ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಪಾತ್ರೆಗೆ ನಾಲ್ಕು ಸುತ್ತು ಪೇಪರು, ಒಂದು ಹಳೆಯ ಚಾದರ, ಅದರ ಮೇಲೆ ರಜಾಯಿ. ಪಾತ್ರೆಯ ಹೊಟ್ಟೆಯೊಳಗಿನ ಬಿಸಿಯಲ್ಲೇ ಕಾಳು ಮೂರು ತಾಸಿನಲ್ಲಿ ಬೆಣ್ಣೆಯಂತೆ ಬೇಯುತ್ತಿತ್ತು. ಆ ಮೂರು ತಾಸೂ ಅತ್ತೆ ಕುರ್ಚಿ ಎಳೆದುಕೊಂಡು, ರಜಾಯಿಯ ಮಡಿಕೆಯೊಳಗೆ ಎರಡೂ ಕಾಲು ತೂರಿಸಿ ಮಹಾರಾಣಿಯಂತೆ ಕೂತಿರುತ್ತಿದ್ದಳು. ಒಂದೇ ಬೆಂಕಿಗೆ ಅಡುಗೆಯೂ ಆಯಿತು, ಕಾಲೂ ಬೆಚ್ಚಗಾಯಿತು. "ಕಾಳು ಬೇಯ್ತಾ ಅತ್ತೆ?" ಎಂದು ಅಳಿಯ ಕೇಳಿದರೆ, "ಹೆಬ್ಬೆರಳು ಬೆಂದಿದೆ, ಕಾಳಿನ್ನೂ ಸ್ವಲ್ಪ ಇದೆ" ಅನ್ನುವಳು.

ಹೀಗಿರುವಾಗ ಬಂತು ಆ ಭಾನುವಾರ. ದೊಡ್ಡ ಮಗಳು ಒಂದು ಗಂಟೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಅವಳ ಒಂದು ಗಂಟೆ ಅಂದರೆ ಒಂದೇ ಗಂಟೆ.

ನಾಲ್ಕು ಜನರ ಊಟವೆಂದು ದೊಡ್ಡ ಪಾತ್ರೆಯಲ್ಲಿ ಕಾಳು, ಆಲೂಗಡ್ಡೆ, ಕ್ಯಾರೆಟ್ಟು. ದೊಡ್ಡ ಪಾತ್ರೆಗೆ ಮನೆಯ ಹಳೆಯ ರಜಾಯಿ ಸಾಲಲಿಲ್ಲ. ಅಂದೇ ಅಗ್ನಿಶಾಮಕ ಠಾಣೆಗೆ ಕೊಡಬೇಕಿದ್ದ ಎಂಟು ಹೊಸ ರಜಾಯಿಗಳು ಕೆಳಗೆ ಅಂಗಡಿಯಲ್ಲಿದ್ದವು. ಅವುಗಳಲ್ಲಿ ಠಾಣಾಧಿಕಾರಿಯದಕ್ಕೆ ಎರಡು ಪಟ್ಟು ಹತ್ತಿ. "ಮೂರು ತಾಸಿಗೇನು ಸವೆದುಹೋಗುತ್ತಾ" ಎಂದು ಅತ್ತೆ ಅದನ್ನೇ ಬಿಚ್ಚಿ, ಕುದಿಸಿದ ಪಾತ್ರೆಯನ್ನು ಕೆಳಗೇ ತಂದು ನಡುವೆ ನಿಲ್ಲಿಸಿ ಸುತ್ತಿದಳು. ಚಿಕ್ಕ ಮಗಳು ಮೇಲೆ ಅಡುಗೆಮನೆ ಗುಡಿಸಲು ಶುರು ಮಾಡಿದ್ದರಿಂದ ಸುರುಳಿ ಸ್ವಲ್ಪ ಹೊತ್ತು ಅಂಗಡಿಯ ಬೆಂಚಿನ ಮೇಲೇ ಇರಲಿ ಎಂದುಕೊಂಡಳು. ಅಲ್ಲಿಯವರೆಗೂ ಎಲ್ಲ ಸರಿಯೇ. ಆದರೆ ಐವತ್ತು ವರ್ಷ ರಜಾಯಿ ಸುತ್ತಿದ ಕೈ ಸುಮ್ಮನಿರಬೇಕಲ್ಲ. ತನಗೇ ತಿಳಿಯದಂತೆ ನೀಲಿ ಹುರಿ ತೆಗೆದು, ಅಂಗಡಿಯ ಗಂಟು ಹಾಕಿ, ಮಾರಾಟದ ಮಾಲಿನಂತೆ ನೀಟಾಗಿ ಕಟ್ಟಿಟ್ಟು ಮೇಲೆ ಹೋದಳು.

ಅಳಿಯ ಬಂದ. ಎಣಿಸಿದ, ಎಂಟು. ಒಂದು ಭಾರವಾಗಿತ್ತು. ಠಾಣಾಧಿಕಾರಿಯ ಎರಡು ಪಟ್ಟಿನದು ಎಂದು ತನ್ನ ಕೆಲಸದ ಬಗ್ಗೆ ತಾನೇ ಹೆಮ್ಮೆಪಟ್ಟುಕೊಂಡ. ಕೈಗಾಡಿಯಲ್ಲಿ ಪೇರಿಸಿ, ಮೂರು ಬೀದಿ ತಳ್ಳಿ, ಠಾಣೆಯಲ್ಲಿ ಇಳಿಸಿ, ಸೀಟಿ ಹೊಡೆಯುತ್ತಾ ವಾಪಸಾದ.

ಹನ್ನೆರಡೂ ಕಾಲಿಗೆ ಅತ್ತೆ ಮೆಟ್ಟಿಲ ತುದಿಯಲ್ಲಿ ಬರಿಗಾಲಲ್ಲಿ ನಿಂತಿದ್ದಳು.

"ಅಳಿಯಂದ್ರೇ, ನನ್ನ ಕಾಳು ಎಲ್ಲಿ?"

"ಯಾವ ಕಾಳು?"

"ಬೆಂಚಿನ ಮೇಲೆ ಇಟ್ಟಿದ್ನಲ್ಲ. ದಪ್ಪ ರಜಾಯಿ."

ಅಳಿಯ ಖಾಲಿ ಬೆಂಚಿನ ಕಡೆ ನೋಡಿದ. ಊಟವೂ ಹೋಯಿತು, ಅತ್ತೆಯ ಕಾಲಿನ ಬಿಸಿಯೂ ಹೋಯಿತು. ಮುಕ್ಕಾಲು ಗಂಟೆಯಲ್ಲಿ ನರ್ಸಕ್ಕ ಬರುತ್ತಾಳೆ, ಸಂಜೆಗೆ ಅತ್ತೆಯೂ ಹೋಗುತ್ತಾಳೆ. ನಾಳೆಯಿಂದ ಆ ಬೆಂಚಿನ ಮೇಲೆ ತಾನೊಬ್ಬನೇ ಕೂತು, ನಗಿಸುವವರಿಲ್ಲದೆ ಸೂಜಿಗೆ ದಾರ ಪೋಣಿಸಬೇಕು. ಅದನ್ನು ನೆನೆದೇ ಅವನಿಗೆ ಅಳು ಬಂತು. ಅಳಲು ಸಮಯವಿರಲಿಲ್ಲ, ಓಡಿದ.

ಇತ್ತ ಠಾಣೆಯಲ್ಲಿ ಒಬ್ಬ ಸಿಬ್ಬಂದಿ ಹೊಸ ರಜಾಯಿಯ ಮೆತ್ತಗಿನ ಸುಖ ನೋಡೋಣವೆಂದು ಸುರುಳಿಯ ಮೇಲೆ ಕೂತಿದ್ದನಂತೆ. ಕೂತಷ್ಟೇ ಬೇಗ ಎದ್ದನಂತೆ. "ಸರ್, ಇದು ಒಳಗಿಂದ ಬಿಸಿಯಾಗ್ತಿದೆ."

ಅಳಿಯ ಏದುಸಿರು ಬಿಡುತ್ತಾ ಗೇಟಿಗೆ ಬರುವಷ್ಟರಲ್ಲಿ ಸುರುಳಿ ಅಂಗಳದ ನಡುವೆ ಒಂಟಿಯಾಗಿ ನಿಂತಿತ್ತು. ಸುತ್ತ ಆರು ಜನ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಇಬ್ಬರ ಕೈಯಲ್ಲಿ ನೀರಿನ ಪೈಪು.

"ಸರ್, ನೀರು ಬಿಡಬೇಡಿ" ಎಂದು ಅಳಿಯ ಕೂಗಿದ.

"ಹಿಂದೆ ಸರೀರಿ" ಎಂದ ಠಾಣಾಧಿಕಾರಿ. "ಒಳಗೆ ಒದ್ದೆ ಹತ್ತಿ ಇದ್ರೆ ತಾನಾಗೇ ಕಾಯುತ್ತೆ, ಆಮೇಲೆ ಹೊತ್ಕೊಳ್ಳುತ್ತೆ. ನಾವು ಇಂಥದ್ದು ಬೇಕಾದಷ್ಟು ನೋಡಿದೀವಿ."

"ಒಳಗೆ ಒದ್ದೆ ಹತ್ತಿ ಇಲ್ಲ ಸರ್. ಕಾಳಿದೆ."

ಆರು ಹೆಲ್ಮೆಟ್ಟುಗಳೂ ಅವನ ಕಡೆ ತಿರುಗಿದವು.

"ಕಾಳು ಅಂದ್ರೆ?"

"ಆಲೂಗಡ್ಡೆನೂ ಇದೆ" ಎಂದ ಅಳಿಯ, ವಿಷಯ ಅದರಿಂದ ಸ್ಪಷ್ಟವಾಗುತ್ತದೆ ಎಂಬಂತೆ.

ಅವನು ಓಡಿ ಹೋಗಿ ಸುರುಳಿಯನ್ನು ತಬ್ಬಿಕೊಂಡ. ನೀಲಿ ಹುರಿ ಬಿಚ್ಚಿದ. ರಜಾಯಿ, ಚಾದರ, ಪೇಪರು ಒಂದೊಂದಾಗಿ ಕಳಚಿ, ಮುಚ್ಚಳ ತೆಗೆದಾಗ ಅಂಗಳದ ಚಳಿಗಾಳಿಯಲ್ಲಿ ಗಮ್ಮೆಂದು ಹಬೆ ಎದ್ದಿತು. ಮೊದಲು ಯಾರ ಹೊಟ್ಟೆ ಗುರ್ರೆಂದಿತೋ ಗೊತ್ತಿಲ್ಲ, ಆಮೇಲೆ ಎಲ್ಲರದ್ದೂ ಅಂದವು. ಠಾಣಾಧಿಕಾರಿ ಎಲ್ಲಿಂದಲೋ ಒಂದು ಚಮಚ ತರಿಸಿ, ಒಂದು ಕಾಳು ತೆಗೆದು, ಬೆರಳಲ್ಲಿ ಒತ್ತಿ ನೋಡಿ ಬಾಯಿಗೆ ಹಾಕಿಕೊಂಡ.

"ಬೆಂಕಿ ಆರಿಸೋದೇ ನಮ್ಮ ಕೆಲಸ" ಎಂದ ಅವನು ನಿಧಾನವಾಗಿ. "ಬೆಂಕಿ ಆರಿಸಿದ ಮೇಲೂ ಬೇಯೋ ಅಡುಗೆ ಇವತ್ತೇ ನೋಡಿದ್ದು."

ಅಳಿಯ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಅತ್ತೆ, ಕಾಲು, ನರ್ಸಕ್ಕ, ಒಂದು ಗಂಟೆ. ಠಾಣಾಧಿಕಾರಿ ಗಡಿಯಾರ ನೋಡಿದ. ಒಂದಕ್ಕೆ ಎಂಟು ನಿಮಿಷ ಇತ್ತು. "ಪ್ರತಿ ಭಾನುವಾರ ಗಾಡೀನ ಒಂದು ಸುತ್ತು ಓಡಿಸಲೇಬೇಕು, ಇಲ್ದಿದ್ರೆ ಇಂಜಿನ್ ಕೆಡುತ್ತೆ. ನಿಮ್ಮ ಬೀದೀಲೇ ಸುತ್ತು ಹೊಡೆದ್ರೆ ತಪ್ಪೇನಿಲ್ಲ, ಗಾಡಿ ಹತ್ತಿ" ಎಂದ. "ರಜಾಯಿ ನಾಳೆ ತಂದುಕೊಡಿ. ವಾಸನೆ ಮಾತ್ರ ತೆಗೀಬೇಡಿ."

ಹೀಗೆ ಕೆಂಪು ಗಾಡಿ ಹಾಸಿಗೆ ಅಂಗಡಿಯ ಮುಂದೆ ಬಂದು ನಿಂತಿತು. ಬೀದಿಯ ಕಿಟಕಿಗಳೆಲ್ಲ ಪಟಪಟನೆ ತೆರೆದುಕೊಂಡವು. ಅಳಿಯ ರಜಾಯಿ ಸುತ್ತಿದ ಪಾತ್ರೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಇಳಿದ. ಮೇಲಿನ ಕಿಟಕಿಯಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅವಳ ಹಿಂದೆ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಆದರೆ ಬಾಗಿಲಲ್ಲಿ ನರ್ಸಕ್ಕ ಆಗಲೇ ನಿಂತಿದ್ದಳು.

"ಯಾರಿಗೆ ಏನಾಯ್ತು?" ಎಂದಳು.

"ಊಟ ಆಯ್ತು ಅಕ್ಕ" ಎಂದ ಅಳಿಯ. "ಅಂದ್ರೆ, ಅಡುಗೆ ಆಯ್ತು."

ಅವಳು ನಗಲಿಲ್ಲ. ಮೇಲೆ ಹೋದವಳೇ ಬೂಟು ಬಿಚ್ಚಿ, ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ನೆಲದ ಮೇಲೆ ಕುಳಿತು ಎರಡೂ ಪಾದ ಕೈಗೆ ತೆಗೆದುಕೊಂಡಳು. ಮುಕ್ಕಾಲು ಗಂಟೆ ಬರಿಗಾಲಲ್ಲಿ ಮೆಟ್ಟಿಲು, ಕಿಟಕಿ ಎಂದು ಓಡಾಡಿದ ಪಾದಗಳು.

"ಮಂಜುಗಡ್ಡೆ ಆಗಿದೆ ಅಮ್ಮ. ನಿನ್ನ ಬಟ್ಟೆ ಎಲ್ಲಿದೆ ಹೇಳು."

ಅಳಿಯ ಪಾತ್ರೆಯನ್ನು ಹಿಡಿದುಕೊಂಡೇ ನಿಂತಿದ್ದ. ಕೊನೆಗೆ, "ಅತ್ತೆ, ಹೋಗಬೇಡಿ" ಎಂದ. ಅಷ್ಟೇ ಅಂದಿದ್ದು. ಹೆಂಡತಿಯ ನಗುವೂ ನಿಂತಿತು.

"ಹೋಗ್ಲೋ ಬೇಡ್ವೋ ಆಮೇಲೆ ನೋಡೋಣ. ಠಾಣೆಯವರೇ ತಂದುಕೊಟ್ಟ ಊಟ ಆರಿಹೋದ್ರೆ ಮರ್ಯಾದೆ ಇರಲ್ಲ" ಎಂದಳು ಅತ್ತೆ. "ದೊಡ್ಡೋಳೆ, ನೀನು ಹೇಳೋದು ನಿಜ. ನಿಮ್ಮನೇಲಿ ಕಾಲು ಬೆಚ್ಚಗಿರುತ್ತೆ. ಆದ್ರೆ ನೀನು ಡ್ಯೂಟಿಗೆ ಹೋದ್ರೆ, ನಾನು ಬೆಚ್ಚಗಿರೋ ಕಾಲನ್ನೇ ನೋಡ್ಕೊಂಡು ಕೂತಿರ್ಬೇಕು. ಇಲ್ಲಿ ಇವ್ರಿಬ್ಬರ ಜೊತೆ ಕೂತ್ರೆ ನನಗೆ ಕಾಲಿದೆ ಅನ್ನೋದೇ ಮರೆತುಹೋಗುತ್ತೆ."

ನರ್ಸಕ್ಕ ತಾಯಿಯ ಪಾದ ಕೆಳಗಿಟ್ಟಳು. ತಟ್ಟೆಗೆ ಬಡಿಸಿ ಉಳಿದದ್ದನ್ನು ಅತ್ತೆ ಮತ್ತೆ ರಜಾಯಿಯಲ್ಲಿ ಸುತ್ತಿ ನೆಲದ ನಡುವೆ ಇಟ್ಟಳು. ನಾಲ್ವರೂ ಸುತ್ತ ಕೂತು ಮಡಿಕೆಯೊಳಗೆ ಕಾಲು ತೂರಿಸಿದರು. ಹೆಡ್ ನರ್ಸನ್ನು ಹಾಗೆ ಕೂರಿಸಲು ಅತ್ತೆ ಎರಡು ಸಲ ಗದರಬೇಕಾಯಿತು. ಅಳಿಯ ಠಾಣೆಯ ಕಥೆ ಹೇಳತೊಡಗಿದ. ಒಬ್ಬ ಕೂತು ಎದ್ದದ್ದು, ಆರು ಹೆಲ್ಮೆಟ್ಟು, ಪೈಪು. "ಆಲೂಗಡ್ಡೆನೂ ಇದೆ" ಅನ್ನುವಲ್ಲಿಗೆ ಬಂದಾಗ ನರ್ಸಕ್ಕನ ತುತ್ತು ನೆತ್ತಿಗೇರಿತು. ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಮತ್ತೆ ನೆನಪಾಗಿ ಮತ್ತೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ತಂಗಿ ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಅತ್ತೆ ಇದ್ದಕ್ಕಿದ್ದಂತೆ ಬೆಚ್ಚಿಬಿದ್ದಳು.

"ಇದ್ಯಾರ ಕಾಲಪ್ಪಾ, ಇಷ್ಟು ಕೊರೀತಿದೆ?"

ಅಳಿಯ ತನ್ನ ಕಾಲು ಎತ್ತಿ ತೋರಿಸಿದ, ಬೆಚ್ಚಗಿತ್ತು. ಹೆಂಡತಿಯದೂ ಬೆಚ್ಚಗಿತ್ತು. ಅತ್ತೆಯದು ಆಗಲೇ ಹದಕ್ಕೆ ಬಂದಿತ್ತು. ಮೂವರೂ ನರ್ಸಕ್ಕನ ಕಡೆ ನೋಡಿದರು. ಅವಳ ಕೆನ್ನೆ ಕೆಂಪಾಯಿತು.

"ನಂದೇ" ಎಂದಳು. "ಮನೇಲೂ ಹೀಗೇ ಇರುತ್ತೆ. ಪೈಪು ಎಷ್ಟು ಬಿಸಿ ಇದ್ರೂ ನನ್ನ ಕಾಲು ಬಿಸಿ ಆಗಲ್ಲ."

ಅತ್ತೆ ರಜಾಯಿಯೊಳಗೇ ದೊಡ್ಡ ಮಗಳ ಎರಡು ಪಾದಗಳನ್ನು ತನ್ನ ಎರಡು ಪಾದಗಳ ನಡುವೆ ಸೇರಿಸಿ ಒತ್ತಿ ಹಿಡಿದಳು, ಅವಳು ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

"ಅಮ್ಮ ಇಲ್ಲೇ ಇರಲಿ ಬಿಡಿ" ಎಂದಳು ನರ್ಸಕ್ಕ. "ಮುಂದಿನ ಭಾನುವಾರ ಏನು ಬೇಯಿಸ್ತೀರಿ?"

ಅಳಿಯ ಖುಷಿಗೆ ಪಾತ್ರೆಯ ಮುಚ್ಚಳ ತೆಗೆದು ಇಣುಕಿದ. ಆ ದಿನದ ಪಾತ್ರೆಗಳನ್ನೂ ಅವನೇ ತೊಳೆದ.