ಹೊಗಳದ ಬಾಯಿ

ಅದು ಶುರುವಾದದ್ದು ಆಷಾಢದ ಗಾಳಿ ಹಂಚು ಅಲುಗಿಸುವ ಕಾಲದಲ್ಲಿ, ಮಕ್ಕಳು ಬೆಳಗಿನ ಬಾಯಿಪಾಠ ಮುಗಿಸಿ ಅಂಬಲಿಗೆ ಏಳುವ ಹೊತ್ತಿನಲ್ಲಿ.

ಬಿ.ದುರ್ಗದ ಆಚೆ, ಹೊಲಗಳ ನಡುವೆ ಒಂದು ಪಾಠಶಾಲೆ. ಅಲ್ಲಿ ಹಳಗನ್ನಡದ ಕಾವ್ಯವನ್ನೂ ಸಂಸ್ಕೃತವನ್ನೂ ಕಲಿಸುತ್ತಾರೆ. ಮಕ್ಕಳು ಅಲ್ಲೇ ಉಂಡು ಅಲ್ಲೇ ಮಲಗುತ್ತಾರೆ. ಅದನ್ನು ಬಹಳ ಕಾಲದಿಂದ ನಡೆಸಿಕೊಂಡು ಬಂದವರು ಚಿತ್ರಲಿಂಗಪ್ಪ ಮೇಷ್ಟ್ರು. ಈಗ ಕಣ್ಣು ಮಂಜಾಗಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ತಮ್ಮ ಹಿಂದೆ ಶಾಲೆ ಯಾರ ಕೈಗೆ ಹೋಗುತ್ತದೆ ಅನ್ನುವುದೊಂದೇ ಅವರ ಚಿಂತೆ. ಆ ಚಿಂತೆಗೆ ಉತ್ತರವನ್ನೂ ಅವರೇ ಬೆಳೆಸಿದ್ದರು. ಅವನು ರಂಗೇಶ.

ರಂಗೇಶ ಹೊಸದುರ್ಗ ಕಡೆಯ ಕುರಿ ಹಟ್ಟಿಯವನು. ಇದೇ ಶಾಲೆಯಲ್ಲಿ ಓದಿ ಇಲ್ಲೇ ಪಾಠ ಹೇಳುತ್ತಿದ್ದ. ಮೇಷ್ಟ್ರು ಅವನಿಗೆ ಕಾವ್ಯ ಕಲಿಸಿದ್ದು ಒಂದು ಪಾಲು, ಉಳಿದದ್ದು ಮೂರು ಪಾಲು. ಅಳುವ ಹೊಸ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲು ಕಲಿಸಿದ್ದರು. ಹಬ್ಬಕ್ಕೆ ಹೋದ ಹುಡುಗ ವಾಪಸು ಬಾರದಿದ್ದರೆ ಹಟ್ಟಿಗೇ ನಡೆದು, ಅವರಪ್ಪನ ಜೊತೆ ಮಂದೆಯ ಹಿಂದೆ ಒಂದು ಹಗಲು ಸುತ್ತಿ, ಸಂಜೆಗೆ ಮಾತು ತೆಗೆಯಲು ಕಲಿಸಿದ್ದರು. ಕಲಿಸಿದ್ದೆಲ್ಲ ಬೈದೇ. ಒಂದೂ ಒಳ್ಳೆಯ ಮಾತು ಆಡಿದವರಲ್ಲ.

ಮೇಷ್ಟ್ರೂ ಹಟ್ಟಿಯಲ್ಲೇ ಹುಟ್ಟಿದವರು. ಹಟ್ಟಿಯಲ್ಲಿ ಮಂದೆಯ ಮುಂದೆ ನಡೆಯುವ ಟಗರನ್ನು ಯಾರೂ ಹೊಗಳುವುದಿಲ್ಲ. ಯಾರಾದರೂ ಕೇಳಿದರೆ, “ಅದಾ, ಕುಂಟು, ಯಾತಕ್ಕೂ ಬಾರದು” ಅನ್ನುತ್ತಾರೆ. ಹೊಗಳಿದರೆ ಕಣ್ಣು ಬೀಳುತ್ತದೆ. ಮೇಷ್ಟ್ರು ಒಂದೇ ಒಂದು ಸಲ ಈ ಕಟ್ಟು ಮುರಿದಿದ್ದರು. ಸ್ವಂತ ಮಗ ಜಯಕುಮಾರ ಸಭೆಯಲ್ಲಿ ಪದ್ಯ ಓದಿದಾಗ, “ನನ್ನ ಹಿಂದೆ ಇವನೇ” ಅಂದುಬಿಟ್ಟಿದ್ದರು. ಆ ಮಳೆಗಾಲ ಬಂದ ಜ್ವರ ಹುಡುಗನನ್ನು ಬಿಡಲಿಲ್ಲ. ಜ್ವರ ಊರಿನ ಎಷ್ಟೋ ಮನೆಗೆ ಬಂದಿತ್ತು. ಆದರೆ ಅಪ್ಪನ ಎದೆ ಲೆಕ್ಕ ಹಾಕುವ ರೀತಿ ಬೇರೆ.

ಆ ಬೆಳಿಗ್ಗೆ ಚಿತ್ರದುರ್ಗದಿಂದ, ಶಾಲೆಯ ಖರ್ಚು ನೋಡಿಕೊಳ್ಳುವ ಟ್ರಸ್ಟಿನ ಮುರುಗಪ್ಪನವರು ಕಾರಿನಲ್ಲಿ ಬಂದರು. ಪೇಟೆಯಲ್ಲಿ ಅಂಗಡಿ ಇಟ್ಟ ಮನೆತನ, ಸಜ್ಜನರು. ಅಡುಗೆಯ ಹುಲಿಗೆಮ್ಮ ಚಾಪೆ ಹಾಸಿದಳು.

“ಕುಂತ್ಕಳ್ರಿ ಸಾಮಿ. ಅಂಬಲಿ ಕುಡೀತೀರೋ, ಪ್ಯಾಟೆ ಹೊಟ್ಟೆಗೆ ಚಾನೇ ಬೇಕೋ?”

“ಅಂಬಲೀನೇ ಕೊಡಮ್ಮ,” ಎಂದು ನಕ್ಕ ಮುರುಗಪ್ಪನವರು ಮೇಷ್ಟ್ರ ಕಡೆ ತಿರುಗಿದರು. “ಮುಂದೆ ಶಾಲೆ ನಡೆಸೋರಿಗೆ ದುರ್ಗದಲ್ಲಿ ತರಬೇತಿ ಇಟ್ಟಿದೀವಿ. ಇಲ್ಲಿಂದ ಒಬ್ಬರ ಹೆಸರು ಬೇಕು. ತರಬೇತಿ ಆದವರೇ ನಿಮ್ಮ ಜಾಗಕ್ಕೆ. ಇಲ್ಲಿ ಯಾರೂ ಇಲ್ಲ ಅಂದ್ರೆ ನಾವೇ ಒಬ್ಬರನ್ನ ಕಳಿಸ್ತೀವಿ. ಈ ರಂಗೇಶ ಹೆಂಗೆ?”

ರಂಗೇಶ ಅಲ್ಲೇ ಕಂಬದ ಪಕ್ಕ ಕೂತು ಒಂದು ಮಗುವಿನ ಕಾಲಿನ ಮುಳ್ಳು ತೆಗೆಯುತ್ತಿದ್ದ.

“ಅವನಾ?” ಎಂದರು ಮೇಷ್ಟ್ರು. “ಅದಕ್ಕೇನು ಬರ್ತೈತೆ. ಮಕ್ಕಳನ್ನ ಸಾಲಾಗಿ ಕುಂದ್ರಸಾಕೂ ಬರಲ್ಲ.”

ಹುಲಿಗೆಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೇಷ್ಟ್ರು ಇಷ್ಟು ಬೈದರು ಅಂದರೆ ಕೆಲಸ ಆಯಿತು ಎಂದೇ ಅವಳ ಎಣಿಕೆ. ರಂಗೇಶನೂ ತಲೆ ತಗ್ಗಿಸಿ ಒಳಗೇ ನಕ್ಕ. ಮುರುಗಪ್ಪನವರು ನಗಲಿಲ್ಲ.

“ತಮಾಷೆ ಬ್ಯಾಡ ಮೇಷ್ಟ್ರೇ. ನಾಳೆ ಕಮಿಟೀಲಿ ನಾನು ಉತ್ತರ ಹೇಳ್ಬೇಕು. ಇವನ ಕೈಯಾಗೆ ಶಾಲೆ ನಡೀತೈತಾ, ಇಲ್ವಾ? ಒಂದೇ ಮಾತು.”

ರಂಗೇಶ ಮುಳ್ಳು ಬಿಟ್ಟು ತಲೆ ಎತ್ತಿದ. ಮೇಷ್ಟ್ರಿಗೆ ಅವನ ಮುಖ ಮಂಜುಮಂಜಾಗಿ ಕಂಡಿತು. ಆ ಮಂಜಿನಲ್ಲಿ ಅದು ಇನ್ನೊಂದು ಮುಖದಂತೆಯೇ ಇತ್ತು. ‘ಹೌದು’ ಅನ್ನುವುದು ನಾಲಿಗೆಯ ತುದಿಯವರೆಗೆ ಬಂತು.

“ಇಲ್ಲ,” ಎಂದರು.

ಹುಲಿಗೆಮ್ಮನ ನಗು ಅಲ್ಲಿಗೇ ನಿಂತಿತು. ಮುರುಗಪ್ಪನವರು ಅಂಬಲಿ ಕುಡಿದು, ಲೋಟ ಕೆಳಗಿಟ್ಟು ಎದ್ದರು.

ಟ್ರಸ್ಟಿನಿಂದ ಹೊಸಬರ ಹೆಸರು ಬಂದಾಗ ಅದು ಹರೀಶ ಎಂದಿತ್ತು. ಚಿತ್ರದುರ್ಗದ ಹುಡುಗ. ಮೇಷ್ಟ್ರು ಕೋಲು ಊರಿಕೊಂಡು ಬಸ್ಸು ಹತ್ತಿ ಟ್ರಸ್ಟಿನ ಕಚೇರಿಗೆ ಹೋದರು.

“ಅವತ್ತು ನಾನಂದಿದ್ದು ಹಂಗಲ್ಲ ಸಾಮಿ. ನಮ್ಮ ಕಡೆ ಹಂಗೆ ಅಂತಾರೆ.”

“ಎರಡು ಸಲ ಕೇಳಿದೆನಲ್ಲ ಮೇಷ್ಟ್ರೇ, ಅವನ ಎದುರಿಗೇ. ಈಗ ಹೌದು ಅಂದ್ರೆ ಕಮಿಟಿಯೋರು ಏನಂತಾರೆ? ಮುದುಕರಿಗೆ ಅರಳುಮರಳು ಅಂತಾರೆ. ಅದನ್ನ ಅನ್ನಿಸ್ಕೊಬ್ಯಾಡ್ರಿ.”

ಮೇಷ್ಟ್ರು ಮರುಬಸ್ಸಿಗೆ ವಾಪಸು ಬಂದರು.

ತರಬೇತಿ ಮುಗಿಸಿ ಹರೀಶ ಬಂದ. ಕೆಟ್ಟವನಲ್ಲ. ಗೋಡೆಗೆ ಸುಣ್ಣ ಹೊಡೆಸಿದ, ಪಾಠಕ್ಕೆ ವೇಳೆ ಗೊತ್ತು ಮಾಡಿದ. ರಂಗೇಶನಿಗೆ ಪಾಠ ಬಿಡಿಸಿ ಮಲಗುವ ಕೋಣೆಯ ಮೇಲ್ವಿಚಾರಣೆ ಕೊಟ್ಟ. ಗಣೇಶನ ಹಬ್ಬಕ್ಕೆ ಮನೆಗೆ ಹೋದ ಮಕ್ಕಳಲ್ಲಿ ಕೆಲವರು ಬರಲಿಲ್ಲ. ತಾನು ಹಟ್ಟಿಗೆ ಹೋಗಿಬರುತ್ತೇನೆ ಎಂದು ರಂಗೇಶ ಕೇಳಿದ.

“ಫೋನ್ ಮಾಡಿದೀನಿ, ಬಂದ್ರೆ ಬರ್ತಾರೆ,” ಎಂದ ಹರೀಶ. “ಮನೆಮನೆಗೆ ಹೋಗಿ ಕರೆಯೋದು ಶಾಲೆಗೆ ಮರ್ಯಾದೆ ಅಲ್ಲ.”

ಆ ಮಕ್ಕಳು ಬರಲೇ ಇಲ್ಲ.

ಹಿರಿಯೂರಿನ ಒಂದು ಶಾಲೆಯಲ್ಲಿ ರಂಗೇಶನಿಗೆ ಕನ್ನಡ ಮೇಷ್ಟ್ರ ಕೆಲಸ ಸಿಕ್ಕಿತು. ಚೀಲ ಕಟ್ಟಿಕೊಂಡು ಹೇಳಿಹೋಗಲು ಬಂದ. ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ರಂಗೇಶ ಕಾಲಿಗೆ ಬಿದ್ದ.

“ನಿಮ್ಮ ಮ್ಯಾಲೆ ಸಿಟ್ಟಿಲ್ಲ ಮೇಷ್ಟ್ರೇ. ನೀವು ಯಾಕೆ ಹಂಗಂದ್ರಿ ಅಂತ ನಂಗೆ ಗೊತ್ತು. ಮೊದಲನೇ ಸಲ ಅಂದಾಗ ಖುಷೀನೇ ಆಯ್ತು. ಎರಡನೇ ಸಲ ಕೇಳಿದಾಗ ಒಂದೇ ಒಂದು ಕಿತ ಬ್ಯಾರೆ ಥರ ಅಂತೀರಿ ಅಂದ್ಕಂಡಿದ್ದೆ.”

ಮೇಷ್ಟ್ರ ಕೈ ಅವನ ತಲೆಯ ಮೇಲೆ ಹಾಗೇ ಇತ್ತು. ಅದನ್ನು ತೆಗೆಯದೆಯೇ ಹೇಳಿದರು.

“ರಂಗಪ್ಪ, ನಾನು ಕಲಿಸಿದೋರಾಗೆ ನಿನ್ನಂಥೋನು ಇಲ್ಲ. ಶಾಲೆ ನಡೆಸಾಕೆ ನೀನೇ ಸರಿ ಇದ್ದೆ.”

ಒಳಗಡೆ ಹುಲಿಗೆಮ್ಮನ ಪಾತ್ರೆಯ ಸದ್ದು ನಿಂತಿತು. ಇಂಥ ಮಾತು ಆ ಜಗಲಿಯಲ್ಲಿ ಅವಳು ಕೇಳಿದ್ದಿಲ್ಲ.

ರಂಗೇಶ ಎದ್ದು ಪಂಚೆಯ ಧೂಳು ಕೊಡವಿಕೊಂಡ.

“ಹಟ್ಟಿಯಾಗೆ ಹೊಗಳೋದು ಬ್ಯಾರೇರ ಕುರೀನ ಅಲ್ವಾ ಮೇಷ್ಟ್ರೇ,” ಎಂದ. “ಇವತ್ತು ನಾನು ಬ್ಯಾರೇರೋನಾದೆ.”

ಹುಲಿಗೆಮ್ಮ ಬುತ್ತಿ ತಂದು ಅವನ ಚೀಲಕ್ಕೆ ತುರುಕಿ ಒಳಗೆ ಹೋದಳು.

ರಂಗೇಶ ಹೋದದ್ದು ಬುಧವಾರ. ಉಳಿದಿದ್ದ ಹೊಸದುರ್ಗ ಕಡೆಯ ಮಕ್ಕಳನ್ನು ಅವರ ಅಪ್ಪಂದಿರು ಬಂದು, ಟ್ರಂಕು ತಲೆಯ ಮೇಲೆ ಹೊತ್ತು, ಕರೆದುಕೊಂಡು ಹೋದದ್ದು ಅದೇ ಶನಿವಾರ.