ಹಿಂಬಾಗಿಲ ಬೀಗ

ನಮ್ಮ ಯಜಮಾನರಿಗೆ ಮೂರು ವ್ಯವಹಾರ: ಸಾಬೂನಿನ ಕಾರ್ಖಾನೆ, ಶಾಲೆಗಳಿಗೆ ಓಡುವ ಬಸ್ಸುಗಳು, ಮರೆವಿನ ಕಾಯಿಲೆಯ ವೃದ್ಧರಿಗಾಗಿ ಒಂದು ಆರೈಕೆ ಮನೆ. ಮೂರಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಕಾನೂನು. ಮೂರಕ್ಕೂ ಸೇರಿ ನಾನೊಬ್ಬಳೇ ನಿಯಮಪಾಲನೆಯ ಅಧಿಕಾರಿ. ಹೆಸರೇನೋ ದೊಡ್ಡದು. ಕೆಲಸವೆಂದರೆ, ತಪಾಸಣೆಗೆ ಯಾರು ಬರುತ್ತಾರೋ ಅವರ ಕಣ್ಣಿಗೆ ಬೇಕಾದದ್ದು ಬೇಕಾದ ಜಾಗದಲ್ಲಿ ಇರುವಂತೆ ನೋಡಿಕೊಳ್ಳುವುದು. ಕಾರ್ಖಾನೆಯಲ್ಲಿ ಕಣ್ಣು ತೊಳೆಯುವ ನಲ್ಲಿಗೆ ಆ ದಿನ ಮಾತ್ರ ನೀರು ಬರುತ್ತಿತ್ತು. ಪ್ರಥಮ ಚಿಕಿತ್ಸೆಯ ಡಬ್ಬಿ ಇದ್ದದ್ದು ಒಂದೇ. ಒಂದು ಬಸ್ಸಿನ ತಪಾಸಣೆ ಮುಗಿದೊಡನೆ ಹಿಂದಿನ ಕಿಟಕಿಯಿಂದ ಇಳಿದು ಮುಂದಿನ ಬಸ್ಸು ಹತ್ತುತ್ತಿತ್ತು. ಅವರು ಚಾಪೆಯ ಕೆಳಗೆ ತೂರಿದರೆ ನಾವು ರಂಗೋಲಿಯ ಕೆಳಗೆ ತೂರುತ್ತಿದ್ದೆವು. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಆರೈಕೆ ಮನೆಯಲ್ಲಿ ಮಾತ್ರ ನನ್ನ ಜಾಣತನ ಹಿಂಬಾಗಿಲಿನ ಹತ್ತಿರ ಬಂದು ಮುಗ್ಗರಿಸುತ್ತಿತ್ತು. ಅಗ್ನಿಶಾಮಕ ಇಲಾಖೆಯ ಪ್ರಕಾರ ಆ ಬಾಗಿಲಿಗೆ ಬೀಗ ಇರಕೂಡದು. ಬೆಂಕಿ ಬಿದ್ದರೆ ಯಾರು ತಳ್ಳಿದರೂ ತೆರೆಯಬೇಕು. ವೃದ್ಧರ ಇಲಾಖೆಯ ಪ್ರಕಾರ ಅದೇ ಬಾಗಿಲು ಯಾರು ತಳ್ಳಿದರೂ ತೆರೆಯಕೂಡದು. ಮರೆವಿನವರು ರಸ್ತೆಗೆ ಹೋದರೆ ಗತಿಯೇನು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಇಬ್ಬರೂ ಒಪ್ಪುವಂಥ ಕರೆಂಟಿನ ಬೀಗವೊಂದು ಇದೆ. ಬೆಂಕಿಯ ಗಂಟೆ ಹೊಡೆದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೇಳಿದರೆ ಯಜಮಾನರು, "ಬರೋ ವರ್ಷ ನೋಡೋಣಮ್ಮ," ಎಂದರು. ಹಾಗಾಗಿ ನಾನೇ ಅಂಗಡಿಗೆ ಹೋಗಿ ಒಂದು ದಪ್ಪ ಹಿತ್ತಾಳೆಯ ಬೀಗ ತಂದೆ. ದಿನವೂ ಅದು ಬಾಗಿಲಲ್ಲಿ ಇರುತ್ತಿತ್ತು. ಬೆಂಕಿಯವರು ಬರುವ ದಿನ ನನ್ನ ಕೈಚೀಲದಲ್ಲಿ.

ಆ ಬೀಗದ ಒಳಗಡೆ ನನ್ನ ದೊಡ್ಡಮ್ಮನೂ ಇದ್ದಳು. ಅಮ್ಮ ತೀರಿಹೋದ ಮೇಲೆ ಹೊಲಿಗೆ ಯಂತ್ರ ತುಳಿದು ನನ್ನನ್ನು ಸಾಕಿದವಳು. ಈಗ ಅವಳಿಗೆ ನಾನು ಯಾರೆಂದು ತಿಳಿಯದು. "ಆಫೀಸಿನವ್ರು ಬಂದ್ರು," ಎಂದು ಬಹುವಚನ ಕೊಟ್ಟು ಮೈ ಹಿಡಿಮಾಡಿಕೊಂಡು ಕೂರುತ್ತಾಳೆ. ಅದಕ್ಕೆ ಅತ್ತದ್ದೂ ಆಯಿತು, ಅತ್ತು ಸಾಕಾದದ್ದೂ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಮಾತ್ರ ಅವಳಿಗೆ ಕಾಲು ನಿಲ್ಲುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂಬಾಗಿಲಿಗೆ ಬಂದು ಬೀಗ ಜಗ್ಗುತ್ತಾಳೆ.

"ಹೊತ್ತಾಯ್ತು, ಬಿಡ್ರಮ್ಮ. ಹೋಗ್ಬೇಕು ನಾನು."

ಎಲ್ಲಿಗೆ ಎಂದರೆ ಉತ್ತರವಿಲ್ಲ. ಸಂಜೆ ಮತ್ತೆ ಹೊಲಿಗೆ ಅಂಗಡಿ ತೆರೆಯುವ ಹಳೆಯ ಚಾಳಿ ಎಂದು ಆಯಾಗಳಿಗೆ ನಾನೇ ತಿಳಿಸಿದ್ದೆ.

ಅಂದು ವೃದ್ಧರ ಇಲಾಖೆಯ ಮೇಡಂ ಬರುವುದು ಮೊದಲೇ ಗೊತ್ತಿತ್ತು. ಬೀಗ ಮಿಂಚುತ್ತಿತ್ತು. ಮೇಡಂ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದಾಗ ಗೇಟಿನಿಂದ ಫೋನು ಬಂತು.

"ಅಕ್ಕಾ, ಬೆಂಕಿ ಸಾಹೇಬ್ರ ಜೀಪು ಬಂದಿದೆ. ಹೇಳ್ದೆ ಕೇಳ್ದೆ ಬಂದ್ಬಿಟ್ಟಿದಾರೆ."

ಹಿಂಬಾಗಿಲಿಗೆ ಓಡಿದೆ. ಬೀಗ ಬಿಚ್ಚಿ ಕೈಚೀಲಕ್ಕೆ ತುರುಕಿದೆ. "ಇಲ್ಲೇ ನಿಂತ್ಕೋ, ಬಾಗ್ಲು ಬಿಟ್ಟು ಅಲ್ಲಾಡ್ಬೇಡ!" ಎಂದು ಪಡಸಾಲೆಯ ಆಚೆ ತುದಿಯಲ್ಲಿದ್ದ ಆಯಾಗೆ ಕೂಗಿದೆ. ಆಕೆ ತಲೆಯಾಡಿಸಿದ ಹಾಗೆ ಕಂಡಿತು. ಸಾಹೇಬರನ್ನು ನಗುನಗುತ್ತಾ ಎದುರುಗೊಂಡೆ. ನೀರು ಕೊಡಿಸಿದೆ, ಮೊದಲು ಮಹಡಿ ನೋಡಿ ಎಂದೆ, ಇತ್ತ ಮೇಡಂ ಅವರನ್ನು ಇನ್ನಷ್ಟು ಹೊತ್ತು ಅಡುಗೆಮನೆಯಲ್ಲೇ ಇರಿಸಲು ಅಡುಗೆಯವನಿಗೆ ಸನ್ನೆ ಮಾಡಿದೆ. ಒಂದೇ ಹಂಚಿನ ಮೇಲೆ ಎರಡು ದೋಸೆ ಹುಯ್ದವಳ ಹಾಗೆ ಮೇಲೂ ಕೆಳಗೂ ಓಡಾಡಿದೆ. ಏನು ಮಾಡಿದರೇನು, ಕೊನೆಗೆ ಇಬ್ಬರೂ ಹಿಂಬಾಗಿಲ ಮುಂದೆಯೇ ಎದುರುಬದುರಾದರು.

"ಇದಕ್ಕೆ ಬೀಗ ಎಲ್ರೀ?" ಎಂದರು ಮೇಡಂ.

"ಬೀಗ ಯಾಕ್ರೀ? ಮೊದ್ಲು ಈ ಚಿಲಕ ಯಾಕಿದೆ ಅಂತ ನಾನು ಕೇಳ್ಬೇಕು," ಎಂದರು ಸಾಹೇಬರು.

"ಮುದುಕ್ರು ಹೊರಗೆ ಹೋದ್ರೆ ನೀವು ಹುಡ್ಕಿಕೊಡ್ತೀರಾ?"

"ಒಳಗೇ ಸುಟ್ಟುಹೋದ್ರೆ ನೀವು ಬರ್ತೀರಾ?"

ಇಬ್ಬರೂ ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಆಯಾ ಓಡಿಬಂದಳು.

"ಅಕ್ಕಾ, ದೊಡ್ಡಮ್ಮ ಕುರ್ಚೀಲಿಲ್ಲ. ಬಚ್ಚಲಲ್ಲೂ ಇಲ್ಲ."

"ನಿನ್ನ ಇಲ್ಲೇ ನಿಲ್ಲು ಅಂದಿದ್ನಲ್ಲೇ!"

"ಈ ಮೇಡಂ ಹಾಸಿಗೆ ತೋರ್ಸು ಅಂತ ಕರೆದ್ರಕ್ಕ..."

ಬಾಗಿಲು ಸ್ವಲ್ಪವೇ ತೆರೆದುಕೊಂಡಿತ್ತು. ಅಧಿಕಾರಿಗಳಿಬ್ಬರೂ ತಪ್ಪು ಯಾವ ಇಲಾಖೆಗೆ ಸೇರಿದ್ದೆಂದು ಮತ್ತೆ ಶುರುಮಾಡಿದರು. ನಾನು ಅಷ್ಟರಲ್ಲಿ ರಸ್ತೆಯಲ್ಲಿದ್ದೆ.

ಲಾರಿಯೊಂದು ಹಾರನ್ ಹೊಡೆದರೆ ಸಾಕು, ಅದರ ಚಕ್ರದ ಕೆಳಗೆ ಕಣ್ಣು ಹೋಗುತ್ತಿತ್ತು. ಮೂಲೆಯ ಹೊಲಿಗೆ ಅಂಗಡಿಗೆ ನುಗ್ಗಿದೆ. ದರ್ಜಿ ಟೇಪು ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದು, ಯಾರೂ ಬಂದಿಲ್ಲವಲ್ಲ ಎಂದ. ಬಟ್ಟೆಯ ಅಂಗಡಿ, ದಾರದ ಅಂಗಡಿ, ಎಲ್ಲ ಕಡೆ ಅದೇ ಮಾತು. ಬಸ್ ನಿಲ್ದಾಣದ ಬೆಂಚು ಖಾಲಿ. ಹಾಳು ಬೀಗ ಓಡುವಾಗಲೆಲ್ಲ ಚೀಲದೊಳಗಿಂದ ಸೊಂಟಕ್ಕೆ ಗುದ್ದುತ್ತಿತ್ತು. ನನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡೆ. ಊರಿನ ಇಲಾಖೆಗಳಿಗೆಲ್ಲ ಟೋಪಿ ಹಾಕಿದವಳು ಒಬ್ಬ ಮುದುಕಿಯನ್ನು ಕಾಯಲಾರದೆ ಹೋದೆನಲ್ಲ!

ಶಾಲೆಯ ಗೇಟಿನ ಮುಂದೆ ಮನೆಗೆ ಹೋಗುವ ಮಕ್ಕಳು, ಕರೆದೊಯ್ಯಲು ಬಂದ ದೊಡ್ಡವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಜನರನ್ನು ಸೀಳಿಕೊಂಡು ಹೋಗುವಾಗ ಕಾವಲುಗಾರನ ಕೋಣೆಯ ಕಿಟಕಿಯಲ್ಲಿ ದೊಡ್ಡಮ್ಮನ ಬಿಳಿಯ ತಲೆ ಕಂಡಿತು. ಸ್ಟೂಲಿನ ಮೇಲೆ ನೆಟ್ಟಗೆ ಕೂತು ಗೇಟನ್ನೇ ನೋಡುತ್ತಿದ್ದಳು.

"ದೊಡ್ಡಮ್ಮಾ!" ಎಂದು ಒಳಗೆ ನುಗ್ಗಿದೆ. ಕಾವಲುಗಾರ ಅಡ್ಡ ಕೈ ಚಾಚಿದ.

"ಒಂದ್ನಿಮಿಷ. ನೀವ್ಯಾರು?"

"ನಾನು ಇವರ ಮಗಳು. ಅಂದ್ರೆ, ತಂಗಿ ಮಗಳು. ಬಿಡಿ, ಕರ್ಕೊಂಡು ಹೋಗ್ತೀನಿ."

"ಹಾಗೆಲ್ಲ ಕಳ್ಸೋಕಾಗಲ್ಲಮ್ಮ. ಇವ್ರು ಮಗು ಕರ್ಕೊಂಡು ಹೋಗೋಕೆ ಬಂದಿದೀನಿ ಅಂದ್ರು. ಕಾರ್ಡ್ ಇಲ್ಲ. ಕಾರ್ಡ್ ಇಲ್ದೋರನ್ನ ಕೂರಿಸ್ಕೊಂಡು ವಿಚಾರಿಸ್ಬೇಕು ಅಂತ ನಮ್ಮ ರೂಲ್ಸು. ಮಗು ಹೆಸ್ರು ಗುಬ್ಬಿ ಅಂತಾರೆ. ಆ ಹೆಸರಿನ ಮಗು ಇಲ್ಲಿಲ್ಲ."

ಗುಬ್ಬಿ ಅಂದರೆ ನಾನು. ಲೋಕದಲ್ಲಿ ನನ್ನನ್ನು ಹಾಗೆ ಕರೆದವಳು ಇವಳೊಬ್ಬಳೇ. ದಿನವೂ ಬೀಗ ಜಗ್ಗುತ್ತಿದ್ದದ್ದು ಅಂಗಡಿಗೆ ಹೋಗಲು ಅಲ್ಲ, ಶಾಲೆಯಿಂದ ನನ್ನನ್ನು ಕರೆತರಲು. ದಿನವೂ ಬೀಗ ಹಾಕಿದವಳು ನಾನು.

ಆಫೀಸಿನ ಗುರುತಿನ ಚೀಟಿ ತೋರಿಸಿದೆ. ಕಾವಲುಗಾರ ಅದನ್ನು ಓದಿ ವಾಪಸು ಕೊಟ್ಟ.

"ಇದು ನಿಮ್ಮ ಆಫೀಸಿಂದು. ಕರ್ಕೊಂಡು ಹೋಗೋಕೆ ಬಂದೋರನ್ನ ಹೋಗೋರು ಗುರುತು ಹಿಡೀಬೇಕು, ಇಲ್ಲಿ ಅಷ್ಟೇ."

"ಅವ್ಳಿಗೆ ಮರೆವಿನ ಕಾಯಿಲೆ ಕಣ್ರೀ! ನಿಮಗೆ ತಲೆ ಇದೆಯಾ?"

"ಬೈರಿ ಪರವಾಗಿಲ್ಲ. ಮರೆವಿರೋರನ್ನ ಯಾರು ಬೇಕಾದ್ರೂ ಕರ್ಕೊಂಡು ಹೋಗ್ಬಹುದಲ್ವಾ? ಅದಕ್ಕೇ ಕೇಳೋದು." ಅವನು ದೊಡ್ಡಮ್ಮನ ಕಡೆ ಬಗ್ಗಿದ. "ಅಜ್ಜಿ, ಇವ್ರು ಗೊತ್ತಾ ನಿಮಗೆ?"

ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆಫೀಸಿನವ್ರು. ಬಾಗ್ಲಿಗೆ ಬೀಗ ಹಾಕೋರು."

ಕಾವಲುಗಾರ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತ. ಹೊರಗೆ ಮಕ್ಕಳು ಒಬ್ಬೊಬ್ಬರಾಗಿ ಕರಗುತ್ತಿದ್ದರು. ಗೇಟು ಖಾಲಿಯಾದಷ್ಟೂ ದೊಡ್ಡಮ್ಮನ ಬೆರಳುಗಳು ಮಡಿಲಲ್ಲಿ ಚಡಪಡಿಸುತ್ತಿದ್ದವು. ನಾನು ಅವಳ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ.

"ದೊಡ್ಡಮ್ಮ, ಯಾಕೆ ಇಷ್ಟು ಲೇಟು? ಎಲ್ರೂ ಹೋದ್ರು. ನಾನೊಬ್ಳೇ ಉಳ್ಕೊಂಡೆ."

ಅವಳು ತಟ್ಟನೆ ಬಗ್ಗಿದಳು. ಒರಟು ಹೆಬ್ಬೆರಳಿನಿಂದ ನನ್ನ ಕೆನ್ನೆ ಒರೆಸಿದಳು.

"ಅಯ್ಯೋ ಗುಬ್ಬಿ, ಅಳ್ಬೇಡ್ವೇ. ನಾನೇನ್ ಮಾಡ್ಲಿ, ಬಾಗ್ಲಿಗೆ ಬೀಗ ಹಾಕ್ಬಿಟ್ಟಿದ್ರು. ಬಾ, ಹೋಗೋಣ. ಕೊಡು ಚೀಲ."

ಕಾವಲುಗಾರ ಪಕ್ಕಕ್ಕೆ ಸರಿದ.

ದಾರಿಯುದ್ದಕ್ಕೂ ಚೀಲವನ್ನು ಅವಳೇ ಹೊತ್ತಳು. ಎಷ್ಟು ಕೇಳಿದರೂ ಕೊಡಲಿಲ್ಲ. ಯಜಮಾನರ ಫೋನು ಬಂತು.

"ಇಬ್ರೂ ಇನ್ನೂ ಅಲ್ಲೇ ಇದಾರಂತಮ್ಮ. ಏನಾದ್ರೂ ಹೊಂದಿಸಿ ಹೇಳು. ಅಜ್ಜಿ ಇನ್ನೊಬ್ಬ ಆಯಾ ಜೊತೆ ವಾಕಿಂಗ್ ಹೋಗಿದ್ರು ಅನ್ನು."

ನಾನು ಫೋನು ಇಟ್ಟೆ.

ಹಿಂಬಾಗಿಲಲ್ಲಿ ಅಧಿಕಾರಿಗಳಿಬ್ಬರೂ ಕಾದಿದ್ದರು. ಮೇಡಂ ಅವರ ಕನ್ನಡಕ, ಕೈಯಲ್ಲಿದ್ದ ಪೆನ್ನು ನೋಡಿದ್ದೇ ದೊಡ್ಡಮ್ಮ ನೇರ ಅವರ ಬಳಿ ನಡೆದು ಚೀಲವನ್ನು ಅವರ ಕೈಗೆ ಹಾಕಿದಳು.

"ನೋಡಿ ಟೀಚರ್, ಮಗು ಕೈಲಿ ಎಷ್ಟು ಭಾರ ಹೊರಿಸ್ತೀರಿ. ಏನ್ ತುಂಬಿದೀರ ಇದ್ರಲ್ಲಿ?"

ಮೇಡಂ ಚೀಲ ತೆರೆದು ಬೀಗವನ್ನು ಹೊರಗೆ ತೆಗೆದರು. ಸಾಹೇಬರು ಅದನ್ನು ನೋಡಿದರು, ಬಾಗಿಲಿನ ಚಿಲಕ ನೋಡಿದರು.

"ಇದು ಯಾರ್ದು?"

"ನಂದು. ನೀವು ಬಂದಾಗ ತೆಗೀತೀನಿ, ಹೋದ್ಮೇಲೆ ಹಾಕ್ತೀನಿ. ಇವತ್ತು ತೆಗೆದಿದ್ದೂ ನಾನೇ. ಆಯಾದೇನೂ ತಪ್ಪಿಲ್ಲ, ಹಾಗೇ ಬರ್ಕೊಳ್ಳಿ," ಎಂದೆ.

ದೊಡ್ಡಮ್ಮ ನನ್ನ ಕೈ ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡು ಅವರಿಬ್ಬರಿಗೂ ಅಡ್ಡ ನಿಂತಳು.

"ಬೈಬೇಡಿ ಟೀಚರ್. ಚಿಕ್ಕ ಹುಡುಗಿ, ಗೊತ್ತಾಗ್ಲಿಲ್ಲ. ಮನೆಗೆ ಹೋಗಿ ನಾನು ಬುದ್ಧಿ ಹೇಳ್ತೀನಿ."