ಹಿಡಿಕೆ ಕಟ್ಟಲು ಬಾರದ ನಾನು

ನಾನೊಂದು ಪ್ರೋಟೀನು. ನನ್ನಷ್ಟು ದೊಡ್ಡವನು ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ಕಣ್ಣಿಗೆ ಕಾಣುವುದಿಲ್ಲ ಎಂಬುದು ನೋಡುವವರ ದೋಷ.

ನಮ್ಮ ಕುಲಕಸುಬು ಹಿಡಿಕೆ ಕಟ್ಟುವುದು. ಮನುಷ್ಯರ ಕರುಳಿನ ಗೋಡೆಗೆ ಸಕ್ಕರೆಯ ಸಣ್ಣ ಸಣ್ಣ ಹಿಡಿಕೆಗಳನ್ನು ಕೂಡಿಸುತ್ತೇವೆ. ವಾಂತಿಭೇದಿ ತರುವ ಒಂದು ವೈರಸ್ಸು ಅದೇ ಹಿಡಿಕೆ ಹಿಡಿದು ಒಳಗೆ ನುಗ್ಗುತ್ತದೆ. ಯಾವುದೋ ಕಾಲದಲ್ಲಿ, ಯಾರದೋ ಬಸಿರಿನಲ್ಲಿ, ನನ್ನನ್ನು ಹೊಯ್ಯುವ ಅಚ್ಚು, ಅಂದರೆ ಜೀನು, ಒಂದೆಡೆ ಮುಕ್ಕಾಯಿತು. ನಾನು ಮೊಂಡಾಗಿ ಹುಟ್ಟಿದೆ. ಹಿಡಿಕೆ ಕಟ್ಟಲು ಬರಲಿಲ್ಲ; ಹಿಡಿಕೆಯಿಲ್ಲದೆ ಆ ವೈರಸ್ಸಿಗೆ ಒಳಗೆ ನುಗ್ಗಲೂ ಆಗಲಿಲ್ಲ. ಕೆಲಸ ಬಾರದೆಯೇ ಲೋಕೋದ್ಧಾರ ಮಾಡಿದವನು ನಾನೊಬ್ಬನೇ.

ಆ ಮುಕ್ಕಾದ ಅಚ್ಚು ಹೆತ್ತವರಿಂದ ಮಕ್ಕಳಿಗೆ ಕೈ ಬದಲಿಸುತ್ತ ಗದಗಿನ ಬಾಳವ್ವನ ಮನೆ ತಲುಪಿತು. ಅವರದು ಸೋದರಮಾವನಿಗೇ ಹೆಣ್ಣು ಕೊಡುವ ಮನೆತನ. ಬಾಳವ್ವನ ಅಜ್ಜಿ, ತಾಯಿ, ಬಾಳವ್ವ ಎಲ್ಲರದೂ ಅದೇ ಬಗೆಯ ಮದುವೆ. ಹಾಗಾಗಿ ತಾಯಿಯ ಕಡೆಯಿಂದಲೂ ನಾನೇ, ತಂದೆಯ ಕಡೆಯಿಂದಲೂ ನಾನೇ. ಒಮ್ಮೆ ನೆರೆಮನೆಯ ಸೀಮಂತದ ಊಟ ಉಂಡು ಇಡೀ ಓಣಿ ಹಾಸಿಗೆ ಹಿಡಿಯಿತು. ಬಾಳವ್ವನ ಮನೆಯವರು ಮಾತ್ರ ಕಟ್ಟೆಯ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು. ನಮ್ಮ ಮನೆತನದ್ದು ಗಟ್ಟಿ ಹೊಟ್ಟೆ ಎಂದು ಬಾಳವ್ವ ಊರೆಲ್ಲ ಹೇಳಿಕೊಂಡಳು. ನಾನು ಒಳಗೇ ಮೀಸೆ ತಿರುವಿದೆ. ಫ್ಲೂ ಬಂದಾಗ ಅದೇ ಮನೆಮಂದಿ ಸಾಲಾಗಿ ಮಲಗಿದ ಸುದ್ದಿಯನ್ನು ನಾನು ಎಲ್ಲೂ ಎತ್ತುವುದಿಲ್ಲ.

ಮಗ ಬಸಲಿಂಗ ಮಾತ್ರ ಪದ್ಧತಿ ಮುರಿದು ರಾಯಚೂರಿನ ಸುವರ್ಣಾಳನ್ನು ಕಟ್ಟಿಕೊಂಡ. ಆಕೆಯ ಮೈಯಲ್ಲಿ ನಾನಿರಲಿಲ್ಲ. ಕೆಲಸ ಬಲ್ಲ ನನ್ನ ಅಣ್ಣಂದಿರಿದ್ದರು. ಮಗಳು ತನು ಹುಟ್ಟಿದಾಗ ಅವಳಿಗೆ ಒಂದು ಅಚ್ಚು ನನ್ನದು ಬಂತು, ಇನ್ನೊಂದು ಅಣ್ಣನದು. ನಾನು ಕೈಕಟ್ಟಿ ಕೂತೆ. ಅಣ್ಣನೊಬ್ಬನೇ ಇಡೀ ಕರುಳಿಗೆ ಹಿಡಿಕೆ ಕಟ್ಟಿ ಮುಗಿಸಿದ.

ತನುವಿಗೆ ವರ್ಷ ತುಂಬಿದ ಮೇಲೆ ಆ ವೈರಸ್ಸು ಬಂತು. ಬೆಳಿಗ್ಗೆಯಿಂದ ವಾಂತಿ, ಭೇದಿ. ಮಧ್ಯಾಹ್ನಕ್ಕೆ ಕೂಸು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಮನೆಯಲ್ಲಿ ಈ ಬೇನೆಯನ್ನೇ ಕಂಡಿರದ ಬಾಳವ್ವ ನೀರು ನಿಲ್ಲಿಸಿದಳು, ಆಸ್ಪತ್ರೆ ಬೇಡವೆಂದಳು.

"ಇದು ನಮ್ಮ ಮನಿ ಕೂಸು. ನೀರ ಕೊಟ್ಟಷ್ಟೂ ಕಾರತೈತಿ. ಸುಮ್ನ ಬಿಡು, ತಾನ ನಿಲ್ತೈತಿ."

ಸುವರ್ಣಾ ಅದುವರೆಗೆ ಅತ್ತೆಗೆ ಎದುರಾಡಿದವಳಲ್ಲ.

"ನನ್ನ ಕೂಸೂ ಹೌದಲ್ರಿ, ಅತ್ತಿ. ಅರ್ಧ ನಿಮ್ಮ ರಗತ ಇದ್ರ ಅರ್ಧ ನಮ್ಮ ತವರಿಂದು. ನಮ್ಮ ಹೊಟ್ಟಿ ಗಟ್ಟಿ ಇಲ್ರಿ. ನಾ ದವಾಖಾನಿಗೆ ಒಯ್ಯಾಕಿ."

ಬಾಳವ್ವ ಕೂಸಿನ ಬಾಯಿಗೆ ಬೆರಳಿಟ್ಟು ನೋಡಿದಳು. ನಾಲಿಗೆ ಒಣಗಿತ್ತು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆಯೇ ಮೊದಲು ಹೊಸ್ತಿಲು ದಾಟಿದಳು.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ನರ್ಸಮ್ಮ ಹೇಳಿದಾಗ ಸುವರ್ಣಾ ಅತ್ತೆಯ ಮುಖ ನೋಡಲಿಲ್ಲ. ಸಂಜೆ ಕೂಸು ಕಣ್ಣು ತೆರೆಯಿತು. ಸುವರ್ಣಾ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸತೊಡಗಿದಳು. ಬಾಳವ್ವ ಬಂದು ಪಕ್ಕದಲ್ಲಿ ಕೂತಳು.

"ಹೆಂಗ ಕುಡಸೂದು ತೋರಸವಾ. ನನಗ ಗೊತ್ತಿಲ್ಲ."

ಸುವರ್ಣಾ ಚಮಚವನ್ನು ಆಕೆಯ ಕೈಗೆ ಕೊಟ್ಟಳು.

ಈಗ ಬಾಳವ್ವನಿಗೆ ವಯಸ್ಸಾಗಿದೆ. ನಾನು ಅವಳ ಮುದಿ ಕರುಳಿನ ಮೂಲೆಯಲ್ಲಿ ತೆಪ್ಪಗಿದ್ದೇನೆ. ಓಣಿಯಲ್ಲಿ ಯಾವ ಕೂಸಿಗೆ ವಾಂತಿಯಾದರೂ ಆಕೆ ಹೋಗಿ ಪಕ್ಕದಲ್ಲಿ ಕೂತು ನೀರು ಕುಡಿಸುತ್ತಾಳೆ. ಆ ಬೇನೆ ಆಕೆಗೆ ಅಂಟದಿರುವುದು ಖಂಡಿತ ನನ್ನ ಪ್ರತಾಪ. ಆದರೆ ಎದ್ದು ಹೋಗುತ್ತಾಳಲ್ಲ, ಅದಕ್ಕೆ ನಾನು ಕಾರಣನಲ್ಲ. ಎಷ್ಟು ದೊಡ್ಡ ಸುಳ್ಳು ಕಟ್ಟಿದರೂ ಆ ನಡಿಗೆಯನ್ನು ನನ್ನ ಹೆಸರಿಗೆ ಬರೆದುಕೊಳ್ಳಲು ಆಗುತ್ತಿಲ್ಲ.